ಕ್ರೂಸ್‌ನಲ್ಲಿ ಹಡಗಿನವರ ಟೂರ್ ತೆಗೆದುಕೊಳ್ಳಬೇಕಾ, ನಾವೇ ಸುತ್ತಬಹುದಾ?

ನೀವು ಹಾಸನದವರು. ನೀವು, ನಿಮ್ಮ ಹೆಂಡತಿ, ಮಂಡಿ ನೋವಿರುವ 68 ವರ್ಷದ ಅಮ್ಮ, ಮೂವರೂ ಅಕ್ಟೋಬರ್‌ನಲ್ಲಿ ಹೊರಟಿದ್ದೀರಿ. ಸ್ಪೇನ್‌ನ ಬಾರ್ಸಿಲೋನಾದಲ್ಲಿ ಹಡಗು ಹತ್ತಿ, ಅದೇ ದೇಶದ ಪಾಲ್ಮಾ, ಫ್ರಾನ್ಸ್‌ನ ಮಾರ್ಸೇಲ್ಸ್, ಇಟಲಿಯ ಲಾ ಸ್ಪೆಜಿಯಾ, ಚಿವಿಟವೆಕ್ಕಿಯಾ, ನೇಪಲ್ಸ್ ನೋಡಿಕೊಂಡು ಮತ್ತೆ ಬಾರ್ಸಿಲೋನಾ. ಒಟ್ಟು 7 ರಾತ್ರಿ. ಬಂದರಿನಲ್ಲಿ ಇಳಿದು ಊರು ನೋಡಲು ಹಡಗಿನವರೇ ಮಾರುವ ಟೂರ್ ಎಲ್ಲ ಕಡೆಯೂ ತೆಗೆದುಕೊಂಡರೆ ಖರ್ಚು ಕೈ ಮೀರುತ್ತದೆ, ನಾವೇ ಸುತ್ತಲು ಹೋದರೆ ಹಡಗು ಬಿಟ್ಟು ಹೋಗುವ ಭಯ, ಯಾವುದು ವಾಸಿ ಎಂದು ಕೇಳಿದ್ದೀರಿ.

ನಾನು ಚಿಕ್ಕಮಗಳೂರಿನವನು. ಮೂಡಿಗೆರೆ ರಸ್ತೆಯಲ್ಲಿ ನಮ್ಮದೊಂದು ಸಣ್ಣ ಹೋಮ್‌ಸ್ಟೇ ಇದೆ. ಎರಡು ಸಲ ಕ್ರೂಸ್ ಹೋಗಿ ಬಂದಿದ್ದೇನೆ. ಮೊದಲನೆಯದು ಸಿಂಗಾಪುರದಿಂದ ಪೆನಾಂಗ್, ಫುಕೆಟ್. ಎರಡನೆಯದು ಹೆಚ್ಚುಕಮ್ಮಿ ನಿಮ್ಮದೇ ದಾರಿ.

ಇಡೀ ಪ್ರವಾಸಕ್ಕೆ ಒಂದೇ ತೀರ್ಮಾನ ಮಾಡಬೇಡಿ. ಒಂದೊಂದು ಬಂದರಿಗೂ ಬೇರೆ ಲೆಕ್ಕ. ಆ ಲೆಕ್ಕದಲ್ಲಿ ರೇಟು ಆಮೇಲಿನ ಮಾತು. ನಾವು ನೋಡಲು ಹೋಗುವ ಜಾಗದಿಂದ ಹಡಗಿಗೆ ವಾಪಸ್ ಬರಲು ಎಷ್ಟು ದಾರಿ ಇದೆ ಅನ್ನುವುದೇ ನನಗೆ ಮೊದಲ ಪ್ರಶ್ನೆ.

ಹಾಸನದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಂಗಳೂರಿಗೆ ಇಳಿಯಲು ನಿಮಗೆ ಶಿರಾಡಿ ಇದೆ, ರೈಲಿದೆ. 2024ರ ಜುಲೈನಲ್ಲಿ ಶಿರಾಡಿಯಲ್ಲಿ ಗುಡ್ಡ ಜಾರಿತು, ಎಡಕುಮರಿ ಹತ್ತಿರ ರೈಲು ಹಳಿಯ ಬುಡದ ಮಣ್ಣೂ ಜಾರಿತು. ಮಳೆಗಾಲದಲ್ಲಿ ಸಂಜೆ ಮಂಗಳೂರಿನಿಂದ ವಿಮಾನ ಇದ್ದರೆ ನಾವು ಬೆಳಿಗ್ಗೆ ತಿಂಡಿಗೆ ಮೊದಲೇ ಮನೆ ಬಿಡುತ್ತೇವೆ, ಅಲ್ವಾ? ಅದೇ ಬುದ್ಧಿ ಬಂದರಿನಲ್ಲೂ ಸಾಕು.

ಒಮ್ಮೆ ವಿದೇಶದ ಹೆಂಗಸೊಬ್ಬರು ನನಗೆ ಮೇಲ್ ಕಳಿಸಿದ್ದರು. ಅವರ ಹಡಗು ಬೆಳಿಗ್ಗೆ 8ಕ್ಕೆ ಪಣಂಬೂರಿನ ನವಮಂಗಳೂರು ಬಂದರಿಗೆ ಬರುತ್ತದಂತೆ, ಸಂಜೆ 5ಕ್ಕೆ ಹೊರಡುತ್ತದಂತೆ. ಕಾರು ಕಳಿಸಿದರೆ ಬೇಲೂರು ನೋಡಿ, ನಮ್ಮ ಹೋಮ್‌ಸ್ಟೇಯಲ್ಲಿ ಕಾಫಿ ಕುಡಿದು ಹೋಗಬಹುದಾ ಎಂದು ಕೇಳಿದ್ದರು. ನನಗೆ ವ್ಯಾಪಾರವೇ. ಆದರೂ ಬೇಡ ಅಂದೆ. ಚಾರ್ಮಾಡಿ ಹತ್ತಿ ಬರಲು ನಾಲ್ಕು ಗಂಟೆ, ಇಳಿಯಲು ನಾಲ್ಕು ಗಂಟೆ ಹಿಡಿಯಿರಿ. ಬೇಲೂರಿನಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಲೂ ಪುರುಸೊತ್ತು ಸಿಗುವುದಿಲ್ಲ. ಘಾಟಿಯಲ್ಲಿ ಒಂದು ಲಾರಿ ಅಡ್ಡ ನಿಂತರೆ ಮುಗಿಯಿತು. ಅದರ ಬದಲು ಮೂಡುಬಿದಿರೆಯ ಸಾವಿರ ಕಂಬದ ಬಸದಿ ನೋಡಿ, 1430ರದ್ದು, ಬಂದರಿನಿಂದ ಸುಮಾರು ಒಂದು ಗಂಟೆ ದಾರಿ ಅಂದೆ. ಅವರು ಹಾಗೇ ಮಾಡಿದರು, ಫೋಟೋ ಕಳಿಸಿದರು. ಕಾಫಿ ಪುಡಿಯ ಒಂದು ಪಾರ್ಸೆಲ್ ಆರ್ಡರ್ ಕೂಡ ಬಂತು ಅನ್ನಿ.

ಈಗ ನಿಮ್ಮ ಭಯದ ವಿಷಯ. ಹಡಗು ನಿಜವಾಗಿಯೂ ಬಿಟ್ಟು ಹೋಗುತ್ತದಾ? ಹೋಗುತ್ತದೆ. ಬಂದರಿನಲ್ಲಿ ನಿಲ್ಲಲು ಗಂಟೆ ಲೆಕ್ಕದಲ್ಲಿ ಜಾಗ ಗೊತ್ತು ಮಾಡಿರುತ್ತಾರೆ, ದಾರಿ ತೋರಿಸುವ ಪೈಲಟ್ ಬಂದಿರುತ್ತಾನೆ, ಮುಂದಿನ ಊರಿನ ಟೈಮ್ ಕೂಡ ಗೊತ್ತಾಗಿರುತ್ತದೆ. ಇಬ್ಬರಿಗಾಗಿ ಮೂರು ಸಾವಿರ ಜನ ಕಾಯುವುದಿಲ್ಲ. ಹಡಗು ಹೊರಡುವುದಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲೇ ಎಲ್ಲರೂ ಒಳಗಿರಬೇಕು ಎಂದು ಒಂದು ಟೈಮ್ ಕೊಡುತ್ತಾರೆ. ನಿಮಗೆ ಮುಖ್ಯ ಅದು, ಹಡಗು ಹೊರಡುವ ಟೈಮ್ ಅಲ್ಲ. ಇಳಿಯುವಾಗ, ಹತ್ತುವಾಗ ಹಡಗಿನವರು ಕೊಟ್ಟ ಕಾರ್ಡ್ ಉಜ್ಜುವುದರಿಂದ ಯಾರು ಬಂದಿಲ್ಲ ಎಂದು ಅವರಿಗೆ ಗೊತ್ತಾಗುತ್ತದೆ. ಬಾರದವರ ಹೆಸರು ಕೂಗುತ್ತಾರೆ. ಆಗಲೂ ಬರದಿದ್ದರೆ ಸಾಮಾನ್ಯವಾಗಿ ಕ್ಯಾಬಿನ್‌ನಿಂದ ಪಾಸ್‌ಪೋರ್ಟ್ ತೆಗೆದು, ಆ ಬಂದರಿನಲ್ಲಿ ಹಡಗಿನವರ ಪರವಾಗಿ ಕೆಲಸ ನೋಡುವ ಏಜೆಂಟ್ ಕೈಗೆ ಕೊಟ್ಟು ಹೊರಡುತ್ತಾರೆ. ಮುಂದಿನ ಬಂದರಿಗೆ ನೀವು ನಿಮ್ಮ ಖರ್ಚಿನಲ್ಲೇ ಹೋಗಬೇಕು.

ಹಡಗಿನವರ ಟೂರ್‌ಗೆ ಜಾಸ್ತಿ ದುಡ್ಡು ಕೊಡುವುದು ಮುಖ್ಯವಾಗಿ ಇದಕ್ಕೇ. ಅವರದೇ ಬಸ್ಸು ತಡವಾದರೆ ಹಡಗು ಕಾಯುತ್ತದೆ. ಕಾಯಲು ಆಗದಿದ್ದರೆ ಮುಂದಿನ ಊರಿಗೆ ಅವರೇ ತಲುಪಿಸುತ್ತಾರೆ.

ಇದರ ಬೆಲೆ ನನಗೆ ಗೊತ್ತಾಗಿದ್ದು ಲಾ ಸ್ಪೆಜಿಯಾದಿಂದ ಫ್ಲಾರೆನ್ಸ್‌ಗೆ ಹೋದ ದಿನ. ಸುಮಾರು 150 ಕಿ.ಮೀ. ದೂರ. ಹಡಗಿನವರ ಟೂರ್ ತೆಗೆದುಕೊಂಡಿದ್ದೆವು. ಟೂರ್ ಹೇಗಿತ್ತು ಅಂದರೆ, ಬೆಂಗಳೂರಿನಿಂದ ಒಂದೇ ದಿನಕ್ಕೆ ಶ್ರವಣಬೆಳಗೊಳ, ಬೇಲೂರು, ಹಳೇಬೀಡು ಮುಗಿಸುವ ಬಸ್ಸುಗಳನ್ನು ನೋಡಿದ್ದೀರಲ್ಲ, ಹಾಗೆ. ದರ್ಪಣಸುಂದರಿ ಮುಂದೆ ಒಂದು ಫೋಟೋ, ಉಳಿದ ಮದನಿಕೆಯರಿಗೆ ಸುಮ್ನೆ ಒಂದು ನಮಸ್ಕಾರ, ಬಸ್ ಹಾರ್ನ್. ಅವರನ್ನು ನೋಡಿ ನಾವು ನಗುತ್ತಿದ್ದೆವು. ಫ್ಲಾರೆನ್ಸ್‌ನಲ್ಲಿ ನಾವೇ ಆ ಬಸ್ಸಿನವರಾದೆವು. ಹೋಗಿ ಬರಲು ನಾಲ್ಕು ಗಂಟೆಗೂ ಜಾಸ್ತಿ. ಚರ್ಮದ ಬ್ಯಾಗಿನ ಅಂಗಡಿಯಲ್ಲಿ ಮುಕ್ಕಾಲು ಗಂಟೆ. ಆ ದೊಡ್ಡ ಕೆಂಪು ಗುಮ್ಮಟದ ಚರ್ಚಿನ ಮುಂದೆ ಇಪ್ಪತ್ತು ನಿಮಿಷ, ಅದೂ ಹೊರಗಡೆ. 1436ರಲ್ಲಿ ಮುಗಿದ ಗುಮ್ಮಟ, ಕಮಾನಿಗೆ ಕೆಳಗಿಂದ ಮರದ ಆಸರೆ ಕೊಡದೆ ಕಟ್ಟಿದ್ದು ಎಂದು ಗೈಡ್ ಕಿವಿಯ ಯಂತ್ರದಲ್ಲಿ ಹೇಳುತ್ತಿದ್ದಾಗ ನಾನು ಶೌಚಾಲಯ ಹುಡುಕುತ್ತಿದ್ದೆ.

ವಾಪಸ್ ಬರುವಾಗ ಹೆದ್ದಾರಿಯಲ್ಲಿ ಅಪಘಾತವಾಗಿ ಬಸ್ಸು ನಿಂತಿತು. ಎಲ್ಲರೂ ಒಳಗಿರಬೇಕಾದ ಟೈಮ್ ದಾಟಿ ಇಪ್ಪತ್ತೈದು ನಿಮಿಷವಾಯಿತು. ಬಸ್ಸಿನಲ್ಲಿ ಯಾರೂ ಗಾಬರಿಯಾಗಲಿಲ್ಲ. ಹಿಂದಿನ ಸೀಟಿನವರು ಗೊರಕೆ ಹೊಡೆಯುತ್ತಿದ್ದರು. ಗೈಡ್ ಒಂದು ಫೋನ್ ಮಾಡಿದಳು, ಅಷ್ಟೇ. ಹಡಗು ನಿಂತಿತ್ತು. ಬೆಳಿಗ್ಗೆಯಿಂದ ದುಡ್ಡು ದಂಡ ಅಂತ ಗೊಣಗುತ್ತಿದ್ದ ನನ್ನ ಹೆಂಡತಿ ಆಮೇಲೆ ಆ ಮಾತೆತ್ತಲಿಲ್ಲ.

ಆದರೆ ಅದೇ ಲಾ ಸ್ಪೆಜಿಯಾದಲ್ಲಿ ಇಳಿದು ಫ್ಲಾರೆನ್ಸ್ ಬಿಟ್ಟುಬಿಟ್ಟರೆ ಲೆಕ್ಕವೇ ಬೇರೆ. ಪಕ್ಕದಲ್ಲೇ ಚಿಂಕ್ವೆ ಟೆರ್ರೆ ಇದೆ, ಸಮುದ್ರದ ಬಂಡೆಗೆ ಅಂಟಿಕೊಂಡ ಐದು ಹಳ್ಳಿಗಳು. ಮೊದಲ ಹಳ್ಳಿಗೆ ರೈಲಿನಲ್ಲಿ ಹತ್ತು ನಿಮಿಷವೂ ಇಲ್ಲ. ರೈಲುಗಳು ಒಂದರ ಹಿಂದೆ ಒಂದು ಇರುತ್ತವೆ, ಸಮುದ್ರ ಶಾಂತವಾಗಿದ್ದರೆ ದೋಣಿಯೂ ಇದೆ. ಇಲ್ಲಿ ಹಡಗಿನವರ ಟೂರ್ ಬೇಡವೇ ಬೇಡ. ಒಂದು ಎಚ್ಚರಿಕೆ, ನಾಲ್ಕು ಹಳ್ಳಿಗಳಲ್ಲಿ ಬರೀ ಏರು, ಮೆಟ್ಟಿಲು. ಅಮ್ಮನ ಜೊತೆ ಕೊನೆಯ ಹಳ್ಳಿ ಮೊಂಟೆರೊಸ್ಸೊಗೆ ಹೋಗಿ. ಅಲ್ಲಿ ಸಮತಟ್ಟು ಜಾಗವಿದೆ, ಬೀಚ್ ಇದೆ, ಕೂರಲು ಬೆಂಚಿದೆ.

ಪಾಲ್ಮಾ, ಮಾರ್ಸೇಲ್ಸ್ ಎರಡರಲ್ಲೂ ನೀವೇ ಸುತ್ತಿ. ಪಾಲ್ಮಾದ ದೊಡ್ಡ ಚರ್ಚು ಹಡಗಿನಿಂದಲೇ ಕಾಣುತ್ತದೆ. ಮಾರ್ಸೇಲ್ಸ್‌ನಲ್ಲಿ ಹಡಗು ನಿಲ್ಲುವ ಜಾಗ ಊರಿನಿಂದ ಸ್ವಲ್ಪ ದೂರ, ಆದರೆ ಹಳೇ ಬಂದರಿಗೆ ಬಸ್ಸು, ಟ್ಯಾಕ್ಸಿ ಸಿಗುತ್ತವೆ. ಗುಡ್ಡದ ಮೇಲಿನ ನೋತ್ರ್ ದಾಮ್ ಚರ್ಚಿಗೂ ವಾಹನ ಹೋಗುತ್ತದೆ, ಮಂಡಿಗೆ ಕೆಲಸ ಕಮ್ಮಿ.

ಕಷ್ಟ ಇರುವುದು ಚಿವಿಟವೆಕ್ಕಿಯಾದಲ್ಲಿ. ಹಡಗಿನವರು ಪಟ್ಟಿಯಲ್ಲಿ 'ರೋಮ್' ಎಂದು ಬರೆದಿರುತ್ತಾರೆ. ರೋಮ್ ಅಲ್ಲಿಂದ 70 ಕಿ.ಮೀ.ಗೂ ಜಾಸ್ತಿ. ಸಕಲೇಶಪುರದಲ್ಲಿ ಇಳಿಸಿ ಹಾಸನ ಬಂತು ಅಂದ ಹಾಗೆ, ಅದಕ್ಕಿಂತಲೂ ದೂರವೇ ಅನ್ನಿ. ನಾವಿಬ್ಬರೂ ರೈಲಿನಲ್ಲಿ ಹೋದೆವು. ಬಂದರಿನ ಬಸ್ಸಿನಲ್ಲಿ ಗೇಟಿಗೆ ಬಂದು, ಅಲ್ಲಿಂದ ಸ್ಟೇಷನ್, ಮುಂದೆ ಒಂದು ಗಂಟೆಯ ಆಸುಪಾಸು ಪ್ರಯಾಣ. ಟಿಕೆಟ್ ಕೆಲವೇ ಯೂರೋ. ಎಲ್ಲರೂ ರೋಮ್‌ನ ದೊಡ್ಡ ಸ್ಟೇಷನ್ ಟರ್ಮಿನಿವರೆಗೆ ಹೋಗುತ್ತಾರೆ, ನಾವು ಮೊದಲೇ ಸ್ಯಾನ್ ಪಿಯೆತ್ರೊ ಎಂಬ ಸ್ಟೇಷನ್‌ನಲ್ಲಿ ಇಳಿದೆವು. ಅಲ್ಲಿಂದ ವ್ಯಾಟಿಕನ್ ನಡೆದು ಹೋಗುವಷ್ಟು ಹತ್ತಿರ. ಸೇಂಟ್ ಪೀಟರ್ ಚರ್ಚ್ ನೋಡಿದೆವು, ಪ್ರವೇಶಕ್ಕೆ ದುಡ್ಡಿಲ್ಲ, ಭುಜ ಮಂಡಿ ಮುಚ್ಚುವ ಬಟ್ಟೆ ಬೇಕು. ಕೊಲೊಸಿಯಮ್ ಹೊರಗಿನಿಂದ ನೋಡಿ, ಎರಡೂವರೆಗೆಲ್ಲ ವಾಪಸ್ ರೈಲು ಹತ್ತಿದೆವು. ಒಳಗಿರಬೇಕಾದ ಟೈಮ್ ಐದೂವರೆ. ಅಷ್ಟು ಬೇಗ ಯಾಕೆ ಎಂದು ನನ್ನ ಹೆಂಡತಿ ಕೇಳಿದಳು. ಇದು ತಪ್ಪಿದರೆ ಇನ್ನೊಂದು ರೈಲು, ಅದೂ ತಪ್ಪಿದರೆ ಟ್ಯಾಕ್ಸಿ, ಮೂರಕ್ಕೂ ಟೈಮ್ ಇರಲಿ ಅಂದೆ.

ನಾವಿಬ್ಬರೇ ಇದ್ದದ್ದರಿಂದ ಅದು ನಡೆಯಿತು. ಅಮ್ಮನನ್ನು ಕರೆದುಕೊಂಡು ಬಸ್ಸು, ರೈಲು, ಮತ್ತೆ ಬಸ್ಸು ಅಂತ ಓಡಬೇಡಿ. ಹಾಗಂತ ದುಬಾರಿ ಗೈಡ್ ಟೂರ್ ಕೂಡ ಬೇಕಾಗಿಲ್ಲ. ಹಲವು ಹಡಗಿನವರು ಬರೀ ಬಸ್ಸಿನ ಟಿಕೆಟ್ ಮಾರುತ್ತಾರೆ. ಹಡಗಿನ ಬುಡದಿಂದ ರೋಮ್‌ಗೆ ಬಿಡುತ್ತಾರೆ, ಹೇಳಿದ ಟೈಮಿಗೆ ಅದೇ ಜಾಗದಿಂದ ಕರೆದು ತರುತ್ತಾರೆ, ನಡುವೆ ನಿಮ್ಮ ಪಾಡು ನಿಮಗೆ. ಅವರದೇ ಬಸ್ಸಾದ್ದರಿಂದ ವಾಪಸ್ ದಾರಿಯ ಚಿಂತೆ ಅವರದು. ಬಸ್ಸು ಇಳಿದ ಮೇಲೆ ಟ್ಯಾಕ್ಸಿ ಮಾಡಿಕೊಳ್ಳಿ. ಟೂರ್ ಪಟ್ಟಿಯಲ್ಲಿ ಇದು ಕೊನೆಯಲ್ಲೆಲ್ಲೋ ಇರುತ್ತದೆ, ಹುಡುಕಿ. ನಿಮ್ಮಂಥವರಿಗೆ ನನ್ನ ಮಟ್ಟಿಗೆ ಅದೇ ಸರಿ.

ನೇಪಲ್ಸ್‌ನಲ್ಲಿ ಹಡಗು ಊರ ಮಧ್ಯಕ್ಕೇ ಬಂದು ನಿಲ್ಲುತ್ತದೆ. ಇಳಿದರೆ ಎದುರಿಗೇ ಕೋಟೆ. ಪೊಂಪೇ 25 ಕಿ.ಮೀ. ಆಚೆ, ಕ್ರಿ.ಶ. 79ರಲ್ಲಿ ವೆಸೂವಿಯಸ್ ಬೂದಿಯಲ್ಲಿ ಮುಳುಗಿದ ಊರು. ರೈಲಿದೆ, ಆದರೆ ಒಳಗೆ ಎರಡು ಸಾವಿರ ವರ್ಷದ ಉಬ್ಬು ತಗ್ಗಿನ ಕಲ್ಲು ರಸ್ತೆ, ನೆರಳು ಕಮ್ಮಿ. ಮಂಡಿ ನೋವಿನವರಿಗೆ ಅದು ಶಿಕ್ಷೆ. ನೀವು ಮತ್ತು ನಿಮ್ಮ ಹೆಂಡತಿ ಹೋಗಿ ಬನ್ನಿ, ಅಮ್ಮ ಹಡಗಿನಲ್ಲೇ ಇರಲಿ. ಬೇಜಾರು ಮಾಡಿಕೊಳ್ಳುವುದಿಲ್ಲ, ನೋಡಿ. ಜನವೆಲ್ಲ ಇಳಿದು ಹೋದ ಹಡಗು ಹಬ್ಬ ಮುಗಿದ ಮನೆಯ ಹಾಗೆ ತಣ್ಣಗಿರುತ್ತದೆ.

ನನ್ನದೇ ಪೆದ್ದುತನ ಒಂದು ಹೇಳಬೇಕು. ಫುಕೆಟ್‌ನಲ್ಲಿ ನಮ್ಮ ಹಡಗು ದಡಕ್ಕೆ ಬರದೆ ಪಟೋಂಗ್ ಬೀಚಿನ ಆಚೆ ಲಂಗರು ಹಾಕಿತ್ತು. ದಡಕ್ಕೆ ಸಣ್ಣ ದೋಣಿಯಲ್ಲಿ ಬಿಟ್ಟರು. ಕೊನೆಯ ದೋಣಿ 4.30ಕ್ಕೆ. ಫೋನ್ ನೋಡಿದೆ, 3.15. ಇನ್ನೂ ಒಂದು ಎಳನೀರು ಕುಡಿಯೋಣ ಅಂದುಕೊಂಡೆ. ಪಕ್ಕದಲ್ಲಿದ್ದ ನಮ್ಮ ಹಡಗಿನದೇ ಗುಜರಾತಿ ಕುಟುಂಬ ಎದ್ದು ಹೊರಟಿತು. ಯಾಕೆ ಇಷ್ಟು ಬೇಗ ಅಂದೆ. ಅವರ ಅಜ್ಜಿ ಕೈಗಡಿಯಾರ ತೋರಿಸಿದರು, 4.15! ಥಾಯ್ಲೆಂಡ್ ಟೈಮ್ ಸಿಂಗಾಪುರಕ್ಕಿಂತ ಒಂದು ಗಂಟೆ ಹಿಂದೆ. ಹಡಗು ಸಿಂಗಾಪುರದ ಟೈಮಿನಲ್ಲೇ ಇತ್ತು. ನಾನು ಅಲ್ಲಿನ ಸಿಮ್ ಹಾಕಿದ್ದರಿಂದ ಫೋನ್ ತಾನೇ ಬದಲಾಗಿತ್ತು. ಒದ್ದೆ ಚಡ್ಡಿಯಲ್ಲಿ ಓಡಿದೆವು. ನಿಮ್ಮ ದಾರಿಯಲ್ಲಿ ಸ್ಪೇನ್, ಫ್ರಾನ್ಸ್, ಇಟಲಿ ಮೂರಕ್ಕೂ ಒಂದೇ ಟೈಮ್. ಆದರೆ ಅಕ್ಟೋಬರ್‌ನ ಕೊನೆಯ ಭಾನುವಾರ ಯೂರೋಪಿನಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ನಿಮ್ಮ ತಾರೀಖು ಅದರ ಹತ್ತಿರ ಬಂದರೆ ಜೋಪಾನ. ಅಮ್ಮನ ಹಳೇ ಕೈಗಡಿಯಾರಕ್ಕೆ ಹಡಗಿನ ಟೈಮ್ ಇಟ್ಟುಬಿಡಿ.

ಹೊರಗಿನ ಟೂರ್ ಕಂಪನಿಗಳೂ ಇವೆ. ಅವರು ಹಡಗಿನವರಿಗಿಂತ ಸಣ್ಣ ಗುಂಪು ಕಟ್ಟುತ್ತಾರೆ, ರೇಟೂ ಕಮ್ಮಿ ಇರಬಹುದು. ಬುಕ್ ಮಾಡುವ ಮೊದಲು ಎರಡು ಕೇಳಿ. ಗಾಳಿ ಮಳೆಗೆ ಹಡಗು ಆ ಬಂದರಿಗೆ ಹೋಗದೇ ಇದ್ದರೆ ದುಡ್ಡು ವಾಪಸ್ ಕೊಡುತ್ತೀರಾ? ನಿಮ್ಮಿಂದ ತಡವಾಗಿ ಹಡಗು ತಪ್ಪಿದರೆ ಮುಂದಿನ ಊರಿಗೆ ಕಳಿಸುತ್ತೀರಾ? ಉತ್ತರ ಬರವಣಿಗೆಯಲ್ಲಿ ಇರಲಿ. ಹಡಗಿನವರ ಟೂರ್ ಆದರೆ ಬಂದರು ರದ್ದಾದಾಗ ದುಡ್ಡು ತಾನಾಗಿಯೇ ವಾಪಸ್ ಬರುತ್ತದೆ.

ಅಮೆರಿಕದವರು ಬರೆದ ಸಲಹೆ ಓದುವಾಗ ಒಂದು ನೆನಪಿರಲಿ. ಹಡಗು ತಪ್ಪಿದರೆ ಅವರು ಪಾಸ್‌ಪೋರ್ಟ್ ತೋರಿಸಿ ಎಷ್ಟೋ ದೇಶಕ್ಕೆ ಹಾರಿಬಿಡುತ್ತಾರೆ. ನಮಗೆ ವೀಸಾ ಬೇಕು. ನಿಮ್ಮ ಪುಣ್ಯ, ಈ ಸಲದ ಮೂರೂ ದೇಶ ಒಂದೇ ಷೆಂಗೆನ್ ವೀಸಾದಲ್ಲಿವೆ. ನೇಪಲ್ಸ್‌ನಲ್ಲಿ ತಪ್ಪಿದರೂ ಬಾರ್ಸಿಲೋನಾಗೆ ವಿಮಾನ ಹತ್ತಬಹುದು, ಜೇಬಿಗೆ ಪೆಟ್ಟು ಅಷ್ಟೇ. ಇಳಿಯುವಾಗ ಪಾಸ್‌ಪೋರ್ಟ್ ಹಡಗಿನವರ ಹತ್ತಿರ ಇಲ್ಲದಿದ್ದರೆ ಮೈಮೇಲೇ ಇರಲಿ. ಏಜೆಂಟ್ ಫೋನ್ ನಂಬರ್ ದಿನಾ ಕೊಡುವ ಹಾಳೆಯಲ್ಲಿರುತ್ತದೆ, ಫೋಟೋ ತೆಗೆದುಕೊಳ್ಳಿ. ಇಟಲಿಯಲ್ಲಿ ರೈಲು ಮುಷ್ಕರ ಆಗಾಗ ಇರುತ್ತದೆ, ಮೊದಲೇ ತಾರೀಖು ಹೇಳಿಯೇ ಮಾಡುತ್ತಾರೆ. ಹೊರಡುವ ವಾರ ಒಮ್ಮೆ ನೋಡಿಕೊಳ್ಳಿ.

ಚಿವಿಟವೆಕ್ಕಿಯಾಗೆ ನಿಮ್ಮ ಹಡಗು ವಾರದ ಯಾವ ದಿನ ತಲುಪುತ್ತದೆ ಎಂದು ಬರೆಯಿರಿ. ಭಾನುವಾರವಾದರೆ ವ್ಯಾಟಿಕನ್ ಮ್ಯೂಸಿಯಂ ಮುಚ್ಚಿರುತ್ತದೆ, ತಿಂಗಳ ಕೊನೆಯ ಭಾನುವಾರ ಮಾತ್ರ ತೆರೆಯುತ್ತಾರೆ. ಹಾಗಿದ್ದರೆ ಅಮ್ಮನಿಗೆ ರೋಮ್‌ನಲ್ಲಿ ಬೇರೆ ಏನು ತೋರಿಸಬಹುದು ಎಂದು ನೋಡೋಣ.