ಸುಕ್ಕೋತ್ ಗುಡಿಸಲಿಗೆ ತಗಡು ಯಾಕೆ ಹಾಕಲ್ಲ?

ಯಹೂದಿಗಳು ಸುಕ್ಕೋತ್ ಹಬ್ಬದ ಗುಡಿಸಲಿಗೆ ಸೋರದೇ ಇರೋ ತಗಡು ಹಾಕ್ಬಹುದಲ್ವಾ ಅಂತ ಕೇಳಿದೀರ, ಹಾಕಿದ್ರೆ ಅದು ಸುಕ್ಕಾನೇ (ಈ ಹಬ್ಬದ ಗುಡಿಸಲಿನ ಹೆಸರು) ಆಗಲ್ಲ ಸರ್. ಮೇಲೆ ಹೊದಿಸೋದು ನೆಲದಲ್ಲಿ ಬೆಳೆದಿದ್ದೇ ಆಗ್ಬೇಕು, ಕಡಿದು ತಂದ ಗರಿ, ಸೊಪ್ಪು, ಬಿದಿರು ಹೀಗೆ, ಬಿಸಿಲಿಗಿಂತ ನೆರಳು ಜಾಸ್ತಿ ಇರ್ಬೇಕು ಆದ್ರೆ ರಾತ್ರಿ ಸಂದಿಲಿ ನಕ್ಷತ್ರ ಕಂಡ್ರೆ ಒಳ್ಳೇದು ಅಂತಾರೆ. ಯಹೂದಿಗಳ ಪೂರ್ವಜರು ಈಜಿಪ್ಟ್ ಬಿಟ್ಮೇಲೆ 40 ವರ್ಷ ಮರುಭೂಮಿಲಿ ಅಲೆದಾಗ ದೇವರು ಕಾಪಾಡಿದ್ದರ ನೆನಪು ಇದು. ಆಗಿದ್ದಿದ್ದು ನಿಜವಾದ ಗುಡಿಸಲೋ ಇಲ್ಲ ದೇವರು ಹರಡಿದ ಮೋಡದ ಮರೆನೋ ಅಂತ ತಾಲ್ಮುಡ್ ಅನ್ನೋ ಯಹೂದಿ ಧರ್ಮಗ್ರಂಥದಲ್ಲಿ ರಬ್ಬಿಗಳೇ, ಅಂದ್ರೆ ಧರ್ಮಗುರುಗಳೇ, ವಾದ ಮಾಡಿದಾರೆ. ನಂಗೆ ಇಷ್ಟ ಆಗೋದು ಟೈಮಿಂಗ್, ಸುಗ್ಗಿ ಮುಗಿದು ಕಣಜ ತುಂಬಿರೋವಾಗ್ಲೇ ಗಟ್ಟಿ ಮನೆ ಬಿಟ್ಟು 7 ದಿನ ಹೊರಗೆ ಕೂತು ಉಣ್ಣಿ ಅನ್ನೋದು. ಹಾಂ, ಮಳೆ ಬಂದು ಗಂಜಿ ಕೆಡೋ ಹಾಗಾದ್ರೆ ಒಳಗೆ ಹೋಗ್ಬಹುದು, ತಾಲ್ಮುಡ್‌ಗೆ ಮೂಲವಾದ ನಿಯಮಗಳ ಸಂಗ್ರಹ ಮಿಶ್ನಾದಲ್ಲೇ ಪರ್ಮಿಷನ್ ಇದೆ.