ಆಡಿಯೋ ಕಂಪನಿಯ ಸಿಇಒ ಬದಲಾದರೆ, ಹಾಸನದಲ್ಲಿ ಸೌಂಡ್ಸ್ ಬಾಡಿಗೆಗೆ ಕೊಡುವ ನಮಗೆ ತೊಂದರೆಯಾ?

ಸುಮ್ನೆ ಗಾಬರಿ ಬೇಡ. ಜೆಬಿಎಲ್, ಕ್ರೌನ್, ಸೌಂಡ್‌ಕ್ರಾಫ್ಟ್ ಬ್ರ್ಯಾಂಡ್‌ಗಳೆಲ್ಲ ಹರ್ಮನ್ ಅನ್ನೋ ಕಂಪನಿಯ ಕೈಯಲ್ಲಿದ್ದವು. ಅಲ್ಲಿ 2020ರಲ್ಲಿ ಸಿಇಒ ಸ್ಥಾನದಿಂದ ದಿನೇಶ್ ಪಾಲಿವಾಲ್ ಇಳಿದು ಮೈಕೆಲ್ ಮೌಸರ್ ಬಂದರು. ಹಾಸನದ ಕಲ್ಯಾಣ ಮಂಟಪಗಳಿಗೆ ಅದರ ಸುದ್ದಿಯೇ ಮುಟ್ಟಲಿಲ್ಲ (ಕೊರೊನಾದಲ್ಲಿ ಮದುವೆಗಳೇ ಕಮ್ಮಿ ಬಿಡಿ).

ಮಾಲೀಕರೇ ಬದಲಾದರೆ ಮಾತ್ರ ಕಿವಿ ನೆಟ್ಟಗೆ ಮಾಡಿ. 2017ರಲ್ಲಿ ಸ್ಯಾಮ್‌ಸಂಗ್ ಹರ್ಮನ್ ಕೊಂಡಿತು. ಅದೇ ವರ್ಷ ವಿಯೆನ್ನಾದಲ್ಲಿದ್ದ, ಹರ್ಮನ್‌ನದೇ ಆದ ಎಕೆಜಿ ಮೈಕ್‌ಗಳ ಘಟಕ ಮುಚ್ಚಿತು. ಅಲ್ಲಿದ್ದವರು ಕೆಲವರು ಸೇರಿ ಆಸ್ಟ್ರಿಯನ್ ಆಡಿಯೋ ಅಂತ ಬೇರೆ ಕಂಪನಿಯನ್ನೇ ಕಟ್ಟಿದರು.

ನಿಮಗೆ ಮುಖ್ಯ ಬಿಡಿಭಾಗ, ಅಲ್ವಾ? ಜಾತ್ರೆ ರಾತ್ರಿ ಆಂಪ್ಲಿಫೈಯರ್‌ನ ಕ್ಲಿಪ್ ಲೈಟ್ (ಸಿಗ್ನಲ್ ಮಿತಿ ಮೀರಿದೆ ಅಂತ ತೋರಿಸುವ ದೀಪ) ಕೆಂಪಗೆ ಉರಿಯುತ್ತಲೇ ಇದ್ದರೆ ಹಾರ್ನ್‌ನ ಡಯಾಫ್ರಾಮ್ (ಕಂಪಿಸಿ ಸದ್ದು ಮಾಡುವ ತೆಳು ಪೊರೆ) ಸುಟ್ಟುಹೋಗಬಹುದು. ಒರಿಜಿನಲ್ ಡಯಾಫ್ರಾಮ್ ಎಷ್ಟು ದಿನಕ್ಕೆ ತರಿಸಿಕೊಡುತ್ತೀರಿ ಅಂತ ಡೀಲರ್‌ ಹತ್ತಿರ ಕೇಳಿಯೇ ದುಡ್ಡು ಹಾಕಿ.