ಆನ್‌ಲೈನ್ ತರಗತಿಯಲ್ಲಿ ಮಕ್ಕಳು ಸುಮ್ನೆ ಕೂತಿರುತ್ತಾರೆ. ಅವರನ್ನು ತೊಡಗಿಸಲು ಯಾವ ಟೂಲ್ ಒಳ್ಳೆಯದು?

ಟೂಲ್‌ನ ಹೆಸರಿಗಿಂತ ಮಕ್ಕಳ ಕೈಗೆ ಏನು ಕೆಲಸ ಕೊಡುತ್ತೀರಿ ಅನ್ನುವುದೇ ಮುಖ್ಯ.

ವಿಜ್ಞಾನಕ್ಕಾದರೆ ನಾನು ಮೊದಲು ಹೇಳುವುದು ಫೆಟ್ (PhET), ಅಂದರೆ ಪರದೆಯ ಮೇಲೆಯೇ ಪ್ರಯೋಗ ಮಾಡಿಸುವ ವೆಬ್‌ಸೈಟ್. ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಶುರುವಾದದ್ದು, ವೆಬ್‌ಸೈಟ್‌ನಲ್ಲಿ ಪ್ರಯೋಗಗಳು ಉಚಿತ. ಪರದೆಯ ಮೇಲೆ ಬ್ಯಾಟರಿ, ವೈರ್, ಬಲ್ಬ್ ಜೋಡಿಸಬಹುದು. ಅದೇ ಸಾಲಿಗೆ ಇನ್ನೊಂದು ಬಲ್ಬ್ ಸೇರಿಸಿದರೆ ಎರಡೂ ಮಂಕಾಗುತ್ತವೆ. ಸೇರಿಸುವ ಮೊದಲೇ ‘ಏನಾಗಬಹುದು?’ ಎಂದು ಕೇಳಿ, ಊಹೆಯನ್ನು ಚಾಟ್‌ನಲ್ಲಿ ಬರೆಸಿ. ಊಹೆ ತಪ್ಪಾದಾಗಲೇ ಮಕ್ಕಳು ಜಾಸ್ತಿ ಪ್ರಶ್ನೆ ಕೇಳುವುದು! ಗಣಿತಕ್ಕೆ, ಆಕೃತಿ ಮತ್ತು ಗ್ರಾಫ್‌ಗಳನ್ನು ಎಳೆದು ಬದಲಿಸಿ ನೋಡಬಹುದಾದ ಜಿಯೋಜೀಬ್ರಾ (GeoGebra) ಇದೆ.

ಉಳಿದ ವಿಷಯಗಳಿಗೆ ಪೋಲ್ ಸಾಕು. ಹಾರ್ವರ್ಡ್‌ನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದಲ್ಲಿ ಬೆಳೆಸಿದ ವಿಧಾನ ಇಲ್ಲಿ ಚೆನ್ನಾಗಿ ಹೊಂದುತ್ತದೆ. ಒಂದು ಪ್ರಶ್ನೆ ಕೊಟ್ಟು ವೋಟ್ ಹಾಕಿಸಿ. ಸರಿ ಉತ್ತರ ಹೇಳಬೇಡಿ. ಬ್ರೇಕ್‌ಔಟ್ ರೂಮಿನಲ್ಲಿ (ತರಗತಿಯೊಳಗಿನ ಪುಟ್ಟ ಪ್ರತ್ಯೇಕ ಕೋಣೆಯಲ್ಲಿ) ಇಬ್ಬಿಬ್ಬರನ್ನು ಎರಡು ಮೂರು ನಿಮಿಷ ಚರ್ಚೆಗೆ ಬಿಡಿ, ಮತ್ತೆ ವೋಟ್ ಹಾಕಿಸಿ. ಗೆಳೆಯನನ್ನು ಒಪ್ಪಿಸಬೇಕು ಅಂದರೆ ತಾನು ಯೋಚಿಸಲೇಬೇಕು, ಅಲ್ವಾ?

ಕಹೂಟ್ ಥರದ ಕ್ವಿಜ್‌ನಲ್ಲಿ ಬೇಗ ಒತ್ತಿದವರಿಗೆ ಹೆಚ್ಚು ಅಂಕ. ನೆಟ್ ನಿಧಾನ ಇರುವ ಮಗುವಿಗೆ ಅದು ಅನ್ಯಾಯ. ಅಂಥ ಕಡೆ ಅವರವರ ವೇಗದಲ್ಲಿ ಆಡುವ ಆಯ್ಕೆ ಹಾಕಿ.